ಬಾವಿಯ ಬಿಳಿ ಪುಡಿ, ಕೊಳದ ಉಪ್ಪು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳೆಯ ತಲೆಮಾರಿನವರು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ, ಲಕ್ಕವಳ್ಳಿಯ ಭದ್ರಾ ಜಲಾಶಯ ಇರುವ ಈ ಭಾಗದಲ್ಲಿ ದುಡ್ಡು ಕೊಟ್ಟು ನೀರಿಗಿಳಿಯುವುದು ಯಾರಿಗೂ ಹೊಳೆದಿರಲಿಲ್ಲ. ಈಗ ಪೇಟೆಗಳಲ್ಲೂ ಪ್ರವಾಸಿ ತಂಗುದಾಣಗಳಲ್ಲೂ ಉಪ್ಪುನೀರಿನ ಈಜುಕೊಳದ ಮಾತು ಕೇಳಿಬರುತ್ತದೆ. ಅದರಲ್ಲಿ ಕ್ಲೋರಿನ್ ಇರುವುದಿಲ್ಲ ಎಂಬ ನಂಬಿಕೆಯೂ ಜೊತೆಗೇ ಹಬ್ಬಿದೆ. ಈ ನಂಬಿಕೆ ತಪ್ಪು. ಏಕೆಂದು ತಿಳಿಯಲು ಊರ ಬಾವಿಕಟ್ಟೆಯಿಂದಲೇ ಹೊರಡುವುದು ಒಳ್ಳೆಯದು.

ಮಳೆಗಾಲದ ಹೊಸನೀರು ಬಂದಾಗ, ಜಾತ್ರೆ ನೆರೆದಾಗ, ವಾಂತಿಭೇದಿಯ ಸುದ್ದಿ ಹಬ್ಬಿದಾಗ ಸೇದುವ ಬಾವಿಗೆ ಬಿಳಿ ಪುಡಿ ಬೀಳುತ್ತಿತ್ತು. 'ಬಾವಿಗೆ ಔಷಧಿ ಹಾಕಿದ್ದಾರೆ' ಎಂದು ಹೆಂಗಸರು ಮೂಗು ಮುರಿದುಕೊಂಡೇ ನೀರು ಸೇದುತ್ತಿದ್ದರು. ಬ್ಲೀಚಿಂಗ್ ಪೌಡರ್ ಹುಟ್ಟಿದ್ದು ನೀರಿಗಾಗಿ ಅಲ್ಲ, ಬಟ್ಟೆಗಾಗಿ. 1774ರಲ್ಲಿ ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲವನ್ನು ತಯಾರಿಸಿದ. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣಕ್ಕೆ ಹೀರಿಸಿ ಪುಡಿ ಮಾಡಿ, ಬಟ್ಟೆ ಬಿಳುಪು ಮಾಡಲು ಪೇಟೆಂಟ್ ಪಡೆದ. ಸುಮಾರು ನೂರು ವರ್ಷ ಕಳೆದು, 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್‌ನಲ್ಲಿ ವಿಷಮಶೀತ ಜ್ವರ ಹರಡಿದಾಗ ಊರಿನ ನೀರಿನ ಕೊಳವೆಗಳನ್ನು ಇದೇ ಪುಡಿಯಿಂದ ಶುದ್ಧಗೊಳಿಸಿದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ನಿತ್ಯದ ಕುಡಿಯುವ ನೀರಿಗೇ ಕ್ಲೋರಿನ್ ಬೆರೆಸತೊಡಗಿತು. ಈ ವಿಧಾನ ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲೂ ಚರ್ಚೆಗೆ ಬಂತು.

ಎಷ್ಟು ಹಾಕಬೇಕು ಎಂಬುದೇ ನಿಜವಾದ ತೊಡಕು. ಕ್ಲೋರಿನ್ನಿಗೆ ರೋಗಾಣು ಯಾವುದು, ಕೊಳೆತ ಎಲೆ ಯಾವುದು ಎಂಬ ಭೇದವಿಲ್ಲ. ಸಿಕ್ಕಿದ್ದರ ಮೇಲೆಲ್ಲ ಬಿದ್ದು ತಾನೂ ಖರ್ಚಾಗುತ್ತದೆ. ಕೊಳೆಯೆಲ್ಲ ತಿಂದ ಮೇಲೆ ನೀರಿನಲ್ಲಿ ಮಿಕ್ಕುವ ಶೇಷ ಕ್ಲೋರಿನ್ ಮಾತ್ರ ನಮ್ಮ ಕಾವಲಿಗೆ ನಿಲ್ಲುವುದು. ಈ ಲೆಕ್ಕಕ್ಕೆ ಒಂದು ಸರಳ ಉಪಾಯವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ ವಿಲಿಯಂ ಹಾರಾಕ್ಸ್ ರೂಪಿಸಿದರು. ನಮ್ಮ ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲಿ ಹಾರಾಕ್ಸ್ ಪೆಟ್ಟಿಗೆ ಇಂದಿಗೂ ಉಳಿದಿದೆ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಕಪ್ಪಿನಲ್ಲಿ ಪುಡಿಯ ದ್ರಾವಣ. ಬಿಳಿಯವುಗಳಲ್ಲಿ ಬಾವಿಯ ನೀರು ತುಂಬಿ ಒಂದು, ಎರಡು, ಮೂರು ಹೀಗೆ ಆರು ಹನಿಯವರೆಗೆ ದ್ರಾವಣ ಬಿಡಬೇಕು. ಅರ್ಧ ಗಂಟೆ ಬಿಟ್ಟು ಪಿಷ್ಟ ಬೆರೆತ ಸೂಚಕ ಹಾಕಿದರೆ, ಕ್ಲೋರಿನ್ ಮಿಕ್ಕಿರುವ ಬಟ್ಟಲು ನೀಲಿಗೆ ತಿರುಗುತ್ತದೆ. ಮೊದಲು ನೀಲಿಯಾದ ಬಟ್ಟಲಿನ ಸಂಖ್ಯೆಯ ಎರಡರಷ್ಟು ಗ್ರಾಂ ಪುಡಿ 455 ಲೀಟರ್ ನೀರಿಗೆ ಬೇಕು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಮೂರನೆಯ ಬಟ್ಟಲು ನೀಲಿಯಾದರೆ ಹತ್ತಿರ ಹತ್ತಿರ 370 ಗ್ರಾಂ ಬೇಕು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬ ವಾಡಿಕೆಯ ಅಂದಾಜಿನಂತೆ ಹಾಕಿದ್ದರೆ 70 ಗ್ರಾಂ! ಪುಡಿ ಹಾಕಿಯೂ ಬಾವಿ ಶುದ್ಧವಾಗದಿರುವುದು ಹೀಗೆ.

ಉಪ್ಪುನೀರಿನ ಕೊಳದಲ್ಲಿ ಪುಡಿಯ ಡಬ್ಬಿ ಕಾಣುವುದಿಲ್ಲ ಅಷ್ಟೆ. ಉಪ್ಪಿನ ಅರ್ಧಾಂಗವೇ ಕ್ಲೋರಿನ್. ಕಾರವಾರದ ಬಳಿಯ ಬಿಣಗಾ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ವಿದ್ಯುತ್ ಹರಿಸಿ ಕಾಸ್ಟಿಕ್ ಸೋಡಾ ತೆಗೆಯುವಾಗ ಕ್ಲೋರಿನ್ನೂ ಹೊರಬರುತ್ತದೆ. ಈಜುಕೊಳದ ಯಂತ್ರ ಅದರದೇ ಮರಿ. ಲೀಟರಿಗೆ ಮೂರು ನಾಲ್ಕು ಗ್ರಾಂ ಉಪ್ಪಿರುವ ನೀರು ಟೈಟಾನಿಯಂ ಫಲಕಗಳ ನಡುವೆ ಹಾಯುವಾಗ ಕ್ಲೋರಿನ್ ಹುಟ್ಟುತ್ತದೆ. ಸಮುದ್ರದಲ್ಲಿ ಉಪ್ಪು ಸುಮಾರು 35 ಗ್ರಾಂ. ಕೊಳದ್ದು ಕಣ್ಣೀರಿಗಿಂತಲೂ ಸಪ್ಪೆ. ಕೆಲಸ ಮುಗಿಸಿದ ಕ್ಲೋರಿನ್ ಬಹುಪಾಲು ಮತ್ತೆ ಉಪ್ಪಿನ ರೂಪಕ್ಕೇ ಮರಳುತ್ತದೆ. ಕರೆಂಟು ಹೋದರೆ ತಯಾರಿಕೆಯೂ ನಿಂತಂತೆ. ಲೋಡ್ ಶೆಡ್ಡಿಂಗ್ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯೂ ನೋಡಬೇಕಾದದ್ದು ಶೇಷವನ್ನೇ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಹತ್ತಾರು ಮೈಗಳು ಇಳಿಯುವ ಕೊಳದಲ್ಲಿ 1ರಿಂದ 3. ತೆರೆದ ಕೊಳದ ಕ್ಲೋರಿನ್ನನ್ನು ಬಿಸಿಲು ಗಂಟೆಗಳಲ್ಲೇ ನುಂಗಿಬಿಡುವುದರಿಂದ ಸಯನ್ಯೂರಿಕ್ ಆಮ್ಲ ಬೆರೆಸಿ ಅದಕ್ಕೆ ನೆರಳು ಕೊಡುತ್ತಾರೆ. ಉಪ್ಪಿನ ಕೊಳದಲ್ಲಿ ನೀರಿನ ಕ್ಷಾರಗುಣ ಮೆಲ್ಲಗೆ ಏರುತ್ತಾ ಹೋಗುತ್ತದೆ. ಪಿ.ಎಚ್. 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿದ್ದರೆ, 8ರಲ್ಲಿ ಕಾಲು ಭಾಗ ಮಾತ್ರ. ಮೂಗಿಗೆ ಹೊಡೆಯುವ 'ಕ್ಲೋರಿನ್ ವಾಸನೆ' ಬಹಳಷ್ಟು ಸಲ ಬೆವರು, ಮೂತ್ರಗಳೊಡನೆ ಕೂಡಿ ಹುಟ್ಟಿದ ಕ್ಲೋರಮೈನಿನದು. ಅದು ಕ್ಲೋರಿನ್ ಹೆಚ್ಚಾಗಿದೆ ಎಂಬುದಕ್ಕಿಂತ ಸಾಲದೆ ಹೋಗಿದೆ ಎಂಬುದರ ಸೂಚನೆ.

ಇಂದು ಹಾರಾಕ್ಸರ ನೀಲಿಯ ಬದಲು ಗುಲಾಬಿ ಬಣ್ಣ ಕೊಡುವ ಗುಳಿಗೆಗಳು ಬಂದಿವೆ. ಅದರಲ್ಲೂ ಒಂದು ಮೋಸವಿದೆ. ಕ್ಲೋರಿನ್ ಮಿತಿಮೀರಿದ್ದರೆ ಗುಳಿಗೆಯ ಬಣ್ಣವನ್ನೇ ಅದು ಬಿಳುಚಿಸಿಬಿಡುತ್ತದೆ. ನೋಡಿದವರು ಕ್ಲೋರಿನ್ನೇ ಇಲ್ಲವೆಂದು ತಿಳಿದು ಇನ್ನಷ್ಟು ಸೇರಿಸಬಹುದು. ಸಂಶಯ ಬಂದರೆ ಆ ನೀರಿನ ಒಂದು ಪಾಲಿಗೆ ಭಟ್ಟಿ ಇಳಿಸಿದ ನೀರು ಒಂಬತ್ತು ಪಾಲು ಬೆರೆಸಿ ಮತ್ತೊಮ್ಮೆ ಗುಳಿಗೆ ಹಾಕಬೇಕು. ಅಡಗಿದ್ದ ಗುಲಾಬಿ ಆಗ ಹೊರಬೀಳುತ್ತದೆ.