ಸಾಕುನಾಯಿಗೆ ಸಂತಾನಹರಣ: ಹಿತವೆಷ್ಟು, ಹಾನಿಯೆಷ್ಟು?

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರಿನಲ್ಲಿ ‘ಸಾಕುನಾಯಿ’ ಎಂಬ ಪದಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಅರ್ಥವಿಲ್ಲ. ಇಲ್ಲಿ ನಾಯಿಗೆ ಒಡೆಯನಿದ್ದಾನೆ, ಹೆಸರಿದೆ, ಹೊತ್ತಿಗೆ ರೊಟ್ಟಿಯ ತುಣುಕು ಇದೆ. ಕೊರಳಿಗೆ ಸರಪಳಿ ಮಾತ್ರ ಇಲ್ಲ. ಹಗಲು ಮನೆಯಂಗಳ, ರಾತ್ರಿ ತೊಗರಿ ಹೊಲ ಅಥವಾ ಕುರಿಹಟ್ಟಿ ಕಾಯುವ ಈ ನಾಯಿ, ಬೆದೆಯ ಕಾಲ ಬಂದೊಡನೆ ಬೀದಿನಾಯಿಗಳ ಗುಂಪಿನಲ್ಲೊಂದಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಚರ್ಚೆ ಬಹುಮಟ್ಟಿಗೆ ನಗರದ ನಾಯಿಯನ್ನೇ ಎದುರಿಗಿಟ್ಟುಕೊಂಡು ನಡೆಯುತ್ತ ಬಂದಿರುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಗಮನಿಸುವುದು ಅಗತ್ಯ.

ಕಾನೂನು ನಾಯಿಗಳನ್ನು ಎರಡೇ ವರ್ಗವಾಗಿ ನೋಡುತ್ತದೆ. 2001ರ ಪ್ರಾಣಿ ಜನನ ನಿಯಂತ್ರಣ (ನಾಯಿಗಳು) ನಿಯಮಗಳು ಸಾಕುನಾಯಿ, ಬೀದಿನಾಯಿ ಎಂದು ವಿಂಗಡಿಸಿ, ಸಾಕುನಾಯಿಯ ಲಸಿಕೆ ಹಾಗೂ ಸಂತಾನಹರಣದ ಹೊಣೆಯನ್ನು ಒಡೆಯನಿಗೇ ವಹಿಸಿದ್ದವು. ಅವುಗಳ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಗಳೂ ಇದನ್ನೇ ಹೇಳುತ್ತವೆ. ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಒಡೆಯನಿದ್ದೂ ಬೀದಿಯಲ್ಲಿ ತಿರುಗುವ ಹಳ್ಳಿಯ ನಾಯಿ ಈ ಎರಡರ ನಡುವೆ ಉಳಿದುಬಿಡುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಹೆಣ್ಣುನಾಯಿಯ ಅಂಡಾಶಯವನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ, ಗಂಡಿನ ವೃಷಣಗಳನ್ನೂ ಅರಿವಳಿಕೆ ನೀಡಿ ತೆಗೆಯಲಾಗುತ್ತದೆ. ಮನುಷ್ಯರಲ್ಲಿ ಮಾಡುವಂತೆ ಕೇವಲ ನಾಳ ಕತ್ತರಿಸುವ ಕ್ರಮ ಇದಲ್ಲ. ಹಾರ್ಮೋನುಗಳ ಮೂಲವೇ ಇಲ್ಲವಾಗುತ್ತದೆ. ಲಾಭ-ನಷ್ಟಗಳೆರಡೂ ಹುಟ್ಟುವುದು ಇಲ್ಲಿಂದಲೇ.

ಹೆಣ್ಣಿನ ವಿಷಯದಲ್ಲಿ ಲಾಭ ಸ್ಪಷ್ಟ. ಗರ್ಭಕೋಶದಲ್ಲಿ ಕೀವು ತುಂಬುವ ‘ಪಯೋಮೆಟ್ರಾ’ ವಯಸ್ಸಾದ ಹೆಣ್ಣುನಾಯಿಗಳ ಪ್ರಾಣಕ್ಕೆ ಎರವಾಗುವ ರೋಗ. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ ಅಲ್ಲಿನ ಹೆಣ್ಣುನಾಯಿಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ 10 ವರ್ಷ ತುಂಬುವುದರೊಳಗೆ ಈ ರೋಗ ತಗಲುತ್ತದೆ. ಶಸ್ತ್ರಚಿಕಿತ್ಸೆ ಈ ಭಯವನ್ನು ಬಹುತೇಕ ತೊಡೆದುಹಾಕುತ್ತದೆ. ಮೊದಲ ಬೆದೆಗೆ ಮುನ್ನವೇ ಚಿಕಿತ್ಸೆಯಾದರೆ ಸ್ತನದ ಗೆಡ್ಡೆಯ ಸಂಭವ ತೀರ ಕಡಿಮೆ ಎಂದು 1969ರ ಅಮೆರಿಕನ್ ಅಧ್ಯಯನವೊಂದು ಹೇಳಿತು. ವೈದ್ಯರು ದಶಕಗಳ ಕಾಲ ಅದನ್ನೇ ಆಧಾರವಾಗಿಟ್ಟುಕೊಂಡರು. 2012ರ ಮರುಪರಿಶೀಲನೆ ಮಾತ್ರ ಈ ವಾದಕ್ಕಿರುವ ಸಾಕ್ಷ್ಯ ದುರ್ಬಲವೆಂದಿತು.

ಹಾನಿಯ ಪ್ರಶ್ನೆ ತಳಿಯನ್ನೂ ವಯಸ್ಸನ್ನೂ ಅವಲಂಬಿಸಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 759 ಗೋಲ್ಡನ್ ರಿಟ್ರೀವರ್ ನಾಯಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ವರ್ಷ ತುಂಬುವ ಮೊದಲೇ ಚಿಕಿತ್ಸೆಗೊಳಗಾದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷ ಶೇ.10ರಷ್ಟಿತ್ತು, ಚಿಕಿತ್ಸೆಯಾಗದವುಗಳಲ್ಲಿ ಅದರ ಅರ್ಧ. ಅದೇ ತಂಡ 2020ರಲ್ಲಿ 35 ತಳಿಗಳನ್ನು ಪರಿಶೀಲಿಸಿದಾಗ ಸಣ್ಣ ತಳಿಗಳ ಕೀಲುಗಳ ಮೇಲೆ ಇಂಥ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಎಲುಬು ಬಲಿಯುವ ಮುನ್ನ ಹಾರ್ಮೋನು ನಿಂತರೆ ದೊಡ್ಡ ಮೈಯ ನಾಯಿ ಬೆಲೆ ತೆರುತ್ತದೆ ಎಂಬುದು ಇದರ ತಾತ್ಪರ್ಯ. ‘ಆರು ತಿಂಗಳಾಯಿತೆಂದರೆ ಮಾಡಿಸಿಬಿಡಿ’ ಎಂಬ ಏಕಸೂತ್ರ ಇಂದು ಒಪ್ಪತಕ್ಕದ್ದಲ್ಲ. ಚಿಕಿತ್ಸೆಯ ನಂತರ ಬೊಜ್ಜು ಬೆಳೆಯುವುದು ನಿಜ, ಆದರೆ ಊಟ ಕಡಿಮೆ ಮಾಡಿದರೆ ಅದು ಹಿಡಿತದಲ್ಲಿರುತ್ತದೆ.

ಗಂಡುನಾಯಿ ಸೌಮ್ಯವಾಗುತ್ತದೆಂಬ ನಂಬಿಕೆಯನ್ನೂ ತೂಗಿ ನೋಡಬೇಕು. ಅಲೆದಾಟ, ಕಂಡಲ್ಲಿ ಮೂತ್ರ ಮಾಡುವ ಚಾಳಿ ತಗ್ಗುತ್ತವೆ. ಅಂಜಿಕೆಯಿಂದ ಕಚ್ಚುವ ನಾಯಿ ಮಾತ್ರ ಶಸ್ತ್ರಚಿಕಿತ್ಸೆಯಿಂದ ಬದಲಾಗುತ್ತದೆಂದು ಹೇಳಲಾಗದು. ಮನೆಯ ಕಾವಲು ಕೆಟ್ಟೀತೆಂದು ರೈತ ಹೆದರುವುದಕ್ಕೂ ಆಧಾರ ಕಡಿಮೆ.

ನೀತಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಒಪ್ಪಿಗೆ ಕೊಡಲಾರದ ಜೀವಿಯ ಆರೋಗ್ಯವಂತ ಅಂಗವನ್ನು ತೆಗೆಯುವುದು ಸರಿಯೇ? ಸ್ವೀಡನ್ನಿನಲ್ಲಿ 1988ರವರೆಗೆ ವೈದ್ಯಕೀಯ ಕಾರಣವಿಲ್ಲದೆ ಇದಕ್ಕೆ ಅವಕಾಶವಿರಲಿಲ್ಲ. ನಾರ್ವೆಯ 2009ರ ಕಾಯ್ದೆಯೂ ಸಕಾರಣವಿಲ್ಲದೆ ಅಂಗ ತೆಗೆಯುವುದನ್ನು ಒಪ್ಪುವುದಿಲ್ಲ. ಆದರೆ ಅಲ್ಲಿ ನಾಯಿ ಒಡೆಯನ ಹತೋಟಿಯಲ್ಲಿರುತ್ತದೆ, ಅನಗತ್ಯ ಮರಿಗಳು ಹುಟ್ಟುವುದು ವಿರಳ. ಅಂದೋಲಾದ ಸೀಮೆಯಲ್ಲಿ ಆ ನಿಯಮವನ್ನು ಹಾಗೆಯೇ ಅನ್ವಯಿಸಲಾಗದು. ಎತ್ತಿನ ಬೀಜ ಒಡೆಸುವುದನ್ನು ಒಕ್ಕಲುತನದ ಸಹಜ ಭಾಗವೆಂದು ಎಣಿಸುವ ಮನೆಯಲ್ಲೇ ನಾಯಿಯ ಮಾತು ಬಂದಾಗ ‘ಪಾಪ’ ಎಂಬ ಶಬ್ದ ಕೇಳಿಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಗದಿತ ಕ್ರಮದಲ್ಲಿ ಬೀಜ ಒಡೆಯುವುದನ್ನು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ. ಎತ್ತಿಗೆ ಮಾಡುವುದು ದುಡಿಮೆಗಾಗಿ, ನಾಯಿಗೆ ಮಾಡುವುದು ಹುಟ್ಟಿ ಸಾಯಲಿರುವ ಮರಿಗಳಿಗಾಗಿ. ಎರಡನೆಯ ಕಾರಣವೇ ಹೆಚ್ಚು ದಯೆಯುಳ್ಳದ್ದು.

ನಾಯಿಯ ಗರ್ಭ 63 ದಿನ. ವರ್ಷಕ್ಕೆ ಎರಡು ಬಾರಿ ಬೆದೆ. ಹೆಣ್ಣುಮರಿಯನ್ನು ಸಾಕಲು ಹಿಂಜರಿಯುವುದು, ಊರಾಚೆ ಬಿಟ್ಟುಬರುವುದು ಇದರ ಫಲವೇ. ಸಂಭೋಗದಿಂದ ಹರಡುವ ಗೆಡ್ಡೆರೋಗ ಬೀದಿಯಿಂದ ಸಾಕುನಾಯಿಗೆ ಅಂಟುವುದೂ ಇದೇ ಹಾದಿಯಲ್ಲಿ. ಬೆಂಗಳೂರಿನಲ್ಲಿ ಬೀದಿನಾಯಿಗಳ ಸಂಖ್ಯೆ 2019ರ ಸುಮಾರು 3.10 ಲಕ್ಷದಿಂದ 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿಯಿತು. ಚಿಕಿತ್ಸೆಗೊಳಗಾದವುಗಳ ಪ್ರಮಾಣ ಶೇ.51ರಿಂದ ಶೇ.71ಕ್ಕೆ ಏರಿತ್ತು. ಮರಿಗಳನ್ನು ಬೀದಿಗೆ ಸೇರಿಸುತ್ತಲೇ ಇರುವ ಒಡೆಯರಿದ್ದರೆ ಈ ಇಳಿಕೆ ನಿಲ್ಲದು.

ಇದಕ್ಕೊಂದು ಅಪವಾದವೂ ರಾಜ್ಯದಲ್ಲೇ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಚೀಟಿಯ ಮೇಲೆ ಮುದ್ರಿಸಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಆ ಭಾಗದ ಹಲವು ಕುಟುಂಬಗಳಿಗೆ ಮರಿಗಳ ಮಾರಾಟವೇ ಆದಾಯ. ಉತ್ತಮ ಗುಣದ ಮುಧೋಳ ನಾಯಿಗೆ ಸಂತಾನಹರಣ ಮಾಡಿಸುವುದೆಂದರೆ ತಳಿಯ ಮೂಲವನ್ನೇ ಕಿರಿದು ಮಾಡಿದಂತೆ. ಹಾಗೆಂದು ಹೆಣ್ಣನ್ನು ಸತತವಾಗಿ ಈಯಿಸುವುದಕ್ಕೂ ಅವಕಾಶವಿಲ್ಲ: 2017ರ ನಾಯಿ ಸಂವರ್ಧನೆ ನಿಯಮಗಳು 18 ತಿಂಗಳಿಗೆ ಮೊದಲು ಗರ್ಭ ಕಟ್ಟಿಸುವುದನ್ನೂ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲುಗಳನ್ನೂ, ಎಂಟು ವಾರ ತುಂಬದ ಮರಿಯ ಮಾರಾಟವನ್ನೂ ನಿಷೇಧಿಸಿವೆ.