ಪ್ಲಾಸ್ಮಾ: ಅಚ್ಚಿನಿಂದ ಕಿಚ್ಚಿಗೆ

ಹೈದರಾಬಾದಿನ ಮಣಿಕೊಂಡದ ಕನ್ನಡ ಮನೆಗಳಲ್ಲಿ 'ಪ್ಲಾಸ್ಮಾ' ಎಂದರೆ 2020ರ ಕೋವಿಡ್ ಕಾಲದ ದಾನ ನೆನಪಾದೀತು, ಅದಕ್ಕೂ ಹಿಂದಿನ ಗೋಡೆ ಟಿವಿ ನೆನಪಾದೀತು. ಅಲ್ಲಿಂದ ವಾಯುವ್ಯಕ್ಕಿರುವ ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ಹಠಮಾರಿ ತ್ಯಾಜ್ಯದ ಮಾತು ಬಂದಾಗ ಅದೇ ಶಬ್ದಕ್ಕೆ ಬೇರೆಯೇ ಅರ್ಥ. ಪದಪ್ರಿಯರಾದ ನಮಗೆ ಇಂಥ ಅರ್ಥಾಂತರದ ಜಾಡು ಹಿಡಿಯದೆ ಸಮಾಧಾನವಿಲ್ಲ.

ಗ್ರೀಕಿನ 'ಪ್ಲಾಸ್ಸೆಯಿನ್' ಎಂದರೆ ಮಣ್ಣನ್ನೋ ಮೇಣವನ್ನೋ ತಿದ್ದಿ ಆಕಾರ ಕೊಡುವುದು. ಹಾಗೆ ರೂಪ ತಳೆದದ್ದು ಪ್ಲಾಸ್ಮಾ, ಅದರ ದಾಯಾದಿಗಳು ಪ್ಲಾಸ್ಟರು, ಪ್ಲಾಸ್ಟಿಕ್ಕು. 1839ರಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಬಳಕೆಗೆ ತಂದ 'ಪ್ರೊಟೊಪ್ಲಾಸ್ಮ್' ನಮ್ಮ ಪಠ್ಯಗಳಲ್ಲಿ 'ಜೀವರಸ'ವಾಯಿತು. ಕನ್ನಡ ಇಲ್ಲಿ ಅಚ್ಚನ್ನು ಬಿಟ್ಟು ರಸವನ್ನು ಹಿಡಿಯಿತು. ರಸಾಯನ, ರಾಸಾಯನಿಕಗಳೂ ಅದೇ ರಸದ ಮಕ್ಕಳಲ್ಲವೆ! ರಕ್ತಕಣಗಳನ್ನು ತೇಲಿಸಿ ಒಯ್ಯುವ ದ್ರವಕ್ಕೂ ಪ್ಲಾಸ್ಮಾ ಎಂಬ ಹೆಸರು ಅಂಟಿತು. 1928ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್, ಎಲೆಕ್ಟ್ರಾನು ಅಯಾನುಗಳನ್ನು ಹೊತ್ತು ಬೆಳಗುವ ಅನಿಲವನ್ನು ಕಂಡು, ಆ ನೆತ್ತರಿನ ನೆನಪಿನಲ್ಲೇ ಅದನ್ನೂ ಪ್ಲಾಸ್ಮಾ ಎಂದರಂತೆ.

ಇನ್ನು ಪಟಾನ್‌ಚೆರು. ಅಲ್ಲಿನ ಸಾಮೂಹಿಕ ಘಟಕದಲ್ಲಿ ಸಂಸ್ಕರಣೆಯಾಗಿ ಹೊರಬಿದ್ದ ನೀರಿನಲ್ಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು ಸ್ವೀಡನ್ನಿನ ಯೋವಾಕಿಮ್ ಲಾರ್ಸನ್ ತಂಡ 2007ರಲ್ಲಿ ಪ್ರಕಟಿಸಿತು. ಕೊಳೆಯನ್ನು ತಿನ್ನಬೇಕಾದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದೇ ಕೊಳೆಯಲ್ಲಿದ್ದರೆ ತಿನ್ನುವವರಾರು? ಪ್ಲಾಸ್ಮಾಕ್ಕೆ ಜೀವಾಣುಗಳ ಹಂಗಿಲ್ಲ. ನೀರಾದ ತ್ಯಾಜ್ಯವಿದ್ದರೆ ತಣ್ಣನೆಯ ಪ್ಲಾಸ್ಮಾ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನೂ ಓಝೋನನ್ನೂ ಹುಟ್ಟಿಸಿ ಅಣುಗಳನ್ನು ಕಡಿಯುತ್ತದೆ. ಗಟ್ಟಿ ಕಸಕ್ಕೆ, ಸಾಲ್ವೆಂಟಿನ ಉಳಿಕೆಗೆ, ಆಮ್ಲಜನಕ ಕೊಡದೆ ಸಾವಿರಾರು ಡಿಗ್ರಿಯ ವಿದ್ಯುತ್ ಚಾಪ. ಬಂಧ ಕಳಚಿಕೊಂಡ ಅನಿಲವನ್ನು ಆಮೇಲೆ ಥಟ್ಟನೆ ತಣಿಸಲೇಬೇಕು, ಇಲ್ಲವಾದರೆ ಕ್ಲೋರಿನ್ ಇದ್ದಲ್ಲಿ ಡಯಾಕ್ಸಿನ್ ಮತ್ತೆ ಕೂಡಿಕೊಳ್ಳುತ್ತದೆ. ವಿದ್ಯುತ್ತೂ ಧಾರಾಳವಾಗಿ ಬೇಕು. ಆಕಾರ ಕೊಡುವ ಧಾತುವಿನಿಂದ ಹುಟ್ಟಿದ ಶಬ್ದ ಆಕಾರ ಕಳೆಯುವ ಕೆಲಸಕ್ಕೆ, ಅದರಲ್ಲೂ ಒಡಹುಟ್ಟಿದ ಪ್ಲಾಸ್ಟಿಕ್ಕನ್ನೇ ಬಿಡಿಸುವ ಕೆಲಸಕ್ಕೆ ನಿಂತಿದೆ. ಅರ್ಥಪಲ್ಲಟಗಳಲ್ಲಿ ಇದಕ್ಕಿಂತ ಸೊಗಸಾದದ್ದು ನನಗೆ ಸಿಕ್ಕಿಲ್ಲ.

ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಆಸ್ಪತ್ರೆಯ ಕಸಕ್ಕೆಂದು ಇಂಥ ಕುಲುಮೆಗಳನ್ನು ರೂಪಿಸಿದೆ. ಅವುಗಳಲ್ಲಿ ಚಾಪ ಹೊಮ್ಮುವ ಭಾಗಕ್ಕೆ 'ಟಾರ್ಚ್' ಎಂದು ಹೆಸರು. ನಮ್ಮಲ್ಲಿ ಟಾರ್ಚೆಂದರೆ ಬ್ಯಾಟರಿ ದೀಪ. ಇಲ್ಲಿ ಬೇಕಾದದ್ದು ಪಂಜು. ಪ್ಲಾಸ್ಮಾ ಹಾಗೆಯೇ ಇರಲಿ, 'ಪ್ಲಾಸ್ಮಾಪಂಜು' ಎಂದು ಬರೆಯಲು ನನಗಂತೂ ಅಡ್ಡಿ ಕಾಣದು.