ತಾನಾಗಿಯೇ ಬಿಟ್ಟ ಕೆಲಸ

2017ರ ಜುಲೈ ತಿಂಗಳ ಮೊದಲ ದಿನಗಳಲ್ಲಿ ಒಂದು ಧ್ವನಿಮುದ್ರಿಕೆ ಫೋನಿನಿಂದ ಫೋನಿಗೆ ಹರಿದಾಡಿತು. ಟೆಕ್ ಮಹೀಂದ್ರಾ ಕಂಪನಿಯ ಎಚ್.ಆರ್. ವಿಭಾಗದವರು ಒಬ್ಬ ಉದ್ಯೋಗಿಗೆ ಕರೆ ಮಾಡಿ, ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ರಾಜೀನಾಮೆ ಕೊಡಬೇಕೆಂದೂ ಕೊಡದಿದ್ದರೆ ಕಂಪನಿಯೇ ತೆಗೆದುಹಾಕುತ್ತದೆಂದೂ ಹೇಳುವ ಕೆಲವು ನಿಮಿಷಗಳ ಮಾತುಕತೆ ಅದು. ಯಾರೂ ದನಿ ಏರಿಸುವುದಿಲ್ಲ, ಯಾರೂ ಬೈಯುವುದಿಲ್ಲ. ಆದರೂ ಕೇಳಿದವರಿಗೆ ಕಸಿವಿಸಿಯಾಯಿತು. ಕೊನೆಗೆ ಆನಂದ್ ಮಹೀಂದ್ರಾ ಅವರೇ ಬಹಿರಂಗವಾಗಿ ಕ್ಷಮೆ ಕೇಳಿದರು.

ಕ್ಷಮೆಗಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಆ ಉದ್ಯೋಗಿ ಮಾತುಕತೆಯನ್ನು ಮುದ್ರಿಸಿಕೊಳ್ಳದೆ ಹೇಳಿದಂತೆ ಕೇಳಿ ಹೋಗಿದ್ದರೆ ನಡೆದದ್ದಕ್ಕೆ ಉಳಿಯುತ್ತಿದ್ದ ದಾಖಲೆ ಯಾವುದು? ಒಂದು ರಾಜೀನಾಮೆ ಪತ್ರ. ವೈಯಕ್ತಿಕ ಕಾರಣಗಳಿಗಾಗಿ ಕೆಲಸ ಬಿಡುತ್ತಿದ್ದೇನೆ, ಇಲ್ಲಿಯವರೆಗೆ ಕೊಟ್ಟ ಅವಕಾಶಕ್ಕೆ ಧನ್ಯವಾದ ಎನ್ನುವ ನಾಲ್ಕು ಸಾಲು. ಐವತ್ತು ವರ್ಷ ಕಳೆದ ಮೇಲೆ ಅದನ್ನು ಓದುವ ಸಂಶೋಧಕನಿಗೆ ಆತ ತಾನಾಗಿಯೇ ಕೆಲಸ ಬಿಟ್ಟು ಹೋದ ಎಂದಷ್ಟೇ ಗೊತ್ತಾಗುತ್ತದೆ. ತಂತ್ರಜ್ಞಾನ ಉದ್ಯಮದ ದುಡಿಮೆಗಾರರ ಇತಿಹಾಸ ಬರೆಯಲು ಕೂತವರಿಗೆ ಎದುರಾಗುವ ಮೊದಲ ತೊಡಕೇ ಇದು. ಇಲ್ಲಿ ಜನ ಕೆಲಸ ಕಳೆದುಕೊಳ್ಳುವುದು ಕಡಿಮೆ, ಬಿಡುವುದೇ ಹೆಚ್ಚು. ಕಾಗದದಲ್ಲಂತೂ ಹಾಗೆ.

ಬೆಂಗಳೂರಿನಲ್ಲಿ ಎಲ್ಲ ಕಾಲದಲ್ಲೂ ಹೀಗೇ ಇರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ಅದಕ್ಕೂ ಮೊದಲು, 1940ರಲ್ಲೇ, ವಿಮಾನ ಕಾರ್ಖಾನೆ ಬಂದಿತ್ತು. 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್., 1964ರಲ್ಲಿ ಬಿ.ಇ.ಎಂ.ಎಲ್. ಬಂದವು. ಟೆಲಿಫೋನು, ರೇಡಾರು, ಕೈಗಡಿಯಾರ ತಯಾರಿಸುತ್ತಿದ್ದ ಇವೂ ಆ ಕಾಲದ ತಂತ್ರಜ್ಞಾನ ಉದ್ಯಮವೇ. ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಸಾಲಿನಲ್ಲಿ ಸಾವಿರಾರು ಹೆಂಗಸರು ದುಡಿದರು. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಕ್ಯಾಂಟೀನು, ಜೊತೆಗೊಂದು ಕನ್ನಡ ಸಂಘ ಇವೆಲ್ಲ ಕಾರ್ಖಾನೆಯ ಆವರಣದಲ್ಲೇ ಇದ್ದವು. ರಾಜ್ಯೋತ್ಸವದ ನಾಟಕಕ್ಕೆ ಬಣ್ಣ ಹಚ್ಚಿಕೊಂಡವರೇ ಮರುದಿನ ಸೈರನ್ನಿಗೆ ಓಡುತ್ತಿದ್ದರು.

ಆ ಕಾರ್ಖಾನೆಗಳ ಒಂದು ವಸ್ತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಗೇಟಿನ ಬಳಿಯ ಸೂಚನಾ ಫಲಕ. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯ ಪ್ರಕಾರ ಕೆಲಸದ ವೇಳೆ, ರಜೆ, ತಪ್ಪಿಗೆ ಶಿಕ್ಷೆ, ವಜಾ ಮಾಡುವ ಕ್ರಮ ಇವುಗಳನ್ನೆಲ್ಲ ಮಾಲೀಕರು ಬರವಣಿಗೆಯಲ್ಲಿ ನಿಗದಿಪಡಿಸಿ ಸರ್ಕಾರಿ ಅಧಿಕಾರಿಯಿಂದ ಪ್ರಮಾಣೀಕರಿಸಬೇಕಿತ್ತು. ಆಮೇಲೆ ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಅದನ್ನು ಪ್ರವೇಶದ್ವಾರದ ಹತ್ತಿರ ಪ್ರಕಟಿಸಬೇಕಿತ್ತು. ವಿಚಾರಣೆಗಾಗಿ ಅಮಾನತಾದವನಿಗೂ ಮೊದಲ 90 ದಿನ ಅರ್ಧ ವೇತನ, ವಿಳಂಬಕ್ಕೆ ಅವನು ಕಾರಣನಲ್ಲದಿದ್ದರೆ ಆಮೇಲೆ ಮುಕ್ಕಾಲು ವೇತನ ಸಿಗುವಂತೆ ಮುಂದೆ ತಿದ್ದುಪಡಿ ಬಂತು. ಫಲಕವನ್ನು ಎಷ್ಟು ಜನ ಓದಿದರೋ, ಅದರಂತೆ ಎಷ್ಟು ಮಾಲೀಕರು ನಡೆದರೋ ಅದು ಬೇರೆ ಮಾತು. ಕೆಲಸದಿಂದ ತೆಗೆಯುವುದಕ್ಕೆ ಒಂದು ಕ್ರಮವಿದೆ, ಅದು ಇಬ್ಬರಿಗೂ ಗೊತ್ತಿರಬೇಕು ಎಂಬ ತತ್ವವಂತೂ ಗೇಟಿನಲ್ಲಿ ತೂಗಾಡುತ್ತಿತ್ತು.

1980ರ ಡಿಸೆಂಬರ್ 26ರಂದು ಈ ಗೇಟುಗಳು ಮುಚ್ಚಿದವು. ಬಿ.ಎಚ್.ಇ.ಎಲ್. ನೌಕರರಿಗೆ ಸಿಕ್ಕಷ್ಟು ವೇತನ ನಮಗೂ ಬೇಕು ಎಂದು ನಗರದ ಸಾರ್ವಜನಿಕ ಉದ್ದಿಮೆಗಳ ಸುಮಾರು 1,25,000 ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆದು ಸ್ಪಷ್ಟವಾದ ಗೆಲುವಿಲ್ಲದೆ ಮುಗಿಯಿತು. ಸಂಬಳವಿಲ್ಲದ ಎರಡೂವರೆ ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ಒಡವೆ ಗಿರವಿ ಅಂಗಡಿ ಸೇರಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಆದರೆ ಆ ಸಂಕಟ ಯಾರೊಬ್ಬರ ವೈಯಕ್ತಿಕ ಸೋಲಾಗಲಿಲ್ಲ. ಜಾನಕಿ ನಾಯರ್ ಬೆಂಗಳೂರಿನ ಇಪ್ಪತ್ತನೆಯ ಶತಮಾನದ ಕಥನವನ್ನು ಬರೆಯಲು, ದಿಲೀಪ್ ಸುಬ್ರಮಣಿಯನ್ ಐ.ಟಿ.ಐ.ನ ಬೃಹತ್ ಚರಿತ್ರೆಯನ್ನು ಕಟ್ಟಲು ಸಾಧ್ಯವಾದದ್ದರಲ್ಲಿ ಈ ಕಾರ್ಖಾನೆಗಳ ಬದುಕು ಕಾಗದದ ಮೇಲೂ ಜನರ ನೆನಪಿನಲ್ಲೂ ಸಾಮೂಹಿಕವಾಗಿ ಉಳಿದಿದ್ದುದರ ಪಾಲು ದೊಡ್ಡದು. ಜಗಳ ಆಡಿದವರ ದಾಖಲೆ ಉಳಿಯುತ್ತದೆ.

ಮುಷ್ಕರ ಮುಗಿದ ಅದೇ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು. ಎರಡು ವರ್ಷದಲ್ಲಿ ಬೆಂಗಳೂರಿಗೆ ಬಂತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕಂಡ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಆಗಲೇ ಏಳುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂತೆಂಬ ಕಥೆಯನ್ನು ನಮ್ಮ ಪತ್ರಿಕೆಗಳು ಎಷ್ಟು ಸಲ ಹೇಳಿವೆಯೋ ಲೆಕ್ಕವಿಲ್ಲ. ಆ ಕಥೆಯಲ್ಲಿ ಎತ್ತುಗಳಿವೆ, ಯಂತ್ರವಿದೆ, ಕೆಲಸಗಾರರಿಲ್ಲ. ಹೊಸ ಉದ್ಯಮ ಹಳೆಯದರ ನೆರೆಯಲ್ಲೇ ಬೆಳೆಯಿತು. ಆದರೆ ಹಳೆಯದರ ಒಂದು ಪದವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ಕಾರ್ಮಿಕ ಎಂಬ ಪದ. ಇಲ್ಲಿದ್ದವರು ಅಸೋಸಿಯೇಟ್, ಪ್ರೊಫೆಷನಲ್, ಟೀಮ್ ಮೆಂಬರ್, ಕೆಲವೊಮ್ಮೆ ಕುಟುಂಬದ ಸದಸ್ಯರು.

ಪದ ಬದಲಾದದ್ದಕ್ಕೆ ಕಂಪನಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಹಳ್ಳಿಯಿಂದಲೋ ಸಣ್ಣ ಊರಿನಿಂದಲೋ ಬಂದು, 1994ರಲ್ಲಿ ಶುರುವಾದ ಸಿ.ಇ.ಟಿ. ಮೂಲಕ ಸೀಟು ಪಡೆದು, ಅಪ್ಪ ಮಾಡಿದ ಸಾಲದಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರಿಗೂ ಆ ಪದ ಬೇಕಿರಲಿಲ್ಲ. ದುಡಿಯುವ ಕೈ ಎಂಬ ಗುರುತಿನಿಂದ ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಅವರು ಓದಿದ್ದು? ಹವಾನಿಯಂತ್ರಿತ ಕೋಣೆ, ಕೊರಳಲ್ಲಿ ಗುರುತಿನ ಪಟ್ಟಿ, ಊರಿನ ಜಾತ್ರೆಗೆ ಹೋದಾಗ ಸಿಗುವ ಮರ್ಯಾದೆ ಯಾವುದೂ ಸುಳ್ಳಲ್ಲ. ಹಳೆಯ ಕಾರ್ಖಾನೆಗಳನ್ನು ಸ್ವರ್ಗವೆಂದು ಬಣ್ಣಿಸುವ ಅಭ್ಯಾಸವೂ ನನಗೆ ಒಗ್ಗುವುದಿಲ್ಲ. ಕಾಯಂ ನೌಕರರ ಸಂಘಗಳು ಗುತ್ತಿಗೆಯವರ ಕಷ್ಟಕ್ಕೆ ಕಿವಿಗೊಟ್ಟದ್ದು ಕಡಿಮೆ.

ಸಮಸ್ಯೆ ಗೊತ್ತಾಗುವುದು ಕೆಲಸ ಹೋಗುವ ದಿನ. ಡಾಟ್‌ಕಾಮ್ ಗುಳ್ಳೆ ಒಡೆದ 2001ರ ಹೊತ್ತಿಗೆ ಅಮೆರಿಕದಲ್ಲಿದ್ದ ನಮ್ಮವರಿಗೆ ಅದು ಎರಡು ಪಟ್ಟು ಗೊತ್ತಾಯಿತು. ಎಚ್-1ಬಿ ವೀಸಾದ ವಾರ್ಷಿಕ ಮಿತಿಯನ್ನು 1,95,000ಕ್ಕೆ ಏರಿಸಿದ್ದ ಕಾಲ ಅದು. ಕರೆಸಿಕೊಳ್ಳಲು ಬಾಗಿಲು ದೊಡ್ಡದಾಗಿ ತೆರೆದಾಗಲೇ ಒಳಗೆ ಕೆಲಸ ಖಾಲಿಯಾಯಿತು. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಕೆಲಸ ಹೋದರೆ ಅಲ್ಲಿರುವ ಹಕ್ಕೂ ಹೋಗುತ್ತಿತ್ತು. ಬೇರೆ ಕೆಲಸ ಹುಡುಕಲು ಅರವತ್ತು ದಿನಗಳವರೆಗಿನ ಅವಕಾಶವನ್ನು ನಿಯಮದಲ್ಲಿ ಬರೆದದ್ದು 2017ರಲ್ಲಿ. ಜೊತೆಗೆ ಹೋದ ಹೆಂಡತಿ ಎಂಜಿನಿಯರೇ ಆಗಿದ್ದರೂ ಎಚ್-4 ವೀಸಾದಲ್ಲಿ ದುಡಿಯುವಂತಿರಲಿಲ್ಲ. ಗ್ರೀನ್ ಕಾರ್ಡ್‌ಗೆ ಕಾದಿರುವ ಕೆಲವರ ಸಂಗಾತಿಗಳಿಗೆ 2015ರಲ್ಲಿ ಅನುಮತಿ ಸಿಕ್ಕಿತು. ಕೆಲಸಗಾರರನ್ನು ಕರೆತಂದು ಕಂಪನಿಗಳಿಗೆ ಒದಗಿಸುವ ಬಾಡಿ ಶಾಪಿಂಗ್ ಎಂಬ ವ್ಯವಸ್ಥೆಯನ್ನು ಚೀನೀ ಮಾನವಶಾಸ್ತ್ರಜ್ಞ ಶಿಯಾಂಗ್ ಬಿಯಾವ್ ಆಸ್ಟ್ರೇಲಿಯಾದ ಭಾರತೀಯರ ನಡುವೆ ಅಧ್ಯಯನ ಮಾಡಿ 2007ರಲ್ಲಿ ಪುಸ್ತಕವಾಗಿಸಿದ. ಪ್ರಾಜೆಕ್ಟ್ ಇಲ್ಲದೆ ಕಾದು ಕೂರುವ 'ಬೆಂಚ್' ಅವನಿಗೆ ಆ ಇಡೀ ಲೋಕದ ಕೀಲಿಕೈಯಾಗಿ ಕಂಡಿತು. ಮಾರುಕಟ್ಟೆ ಏರಿಳಿದಾಗ ಆಗುವ ನಷ್ಟವನ್ನು ಕೊನೆಗೆ ಹೊರುವವನು ಆ ಬೆಂಚಿನ ಮೇಲೆ ಕೂತವನೇ.

ಬೆಂಗಳೂರಿನಲ್ಲಿ ಬೆಂಚಿಗೆ ಬೆಲ್ ಕರ್ವ್ ಜೊತೆಯಾಯಿತು. ನೌಕರರನ್ನು ವರ್ಷವರ್ಷವೂ ಶ್ರೇಣಿ ಕಟ್ಟಿ ಅಳೆದು ಕೆಳಗಿನ ಶೇಕಡಾ 10 ಮಂದಿಯನ್ನು ಕಳಿಸಬೇಕೆಂಬ ಪದ್ಧತಿಯನ್ನು 1980ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಜನಪ್ರಿಯಗೊಳಿಸಿದ್ದ. ಅದರ ಬಗೆಬಗೆಯ ರೂಪಗಳು ಇಲ್ಲಿಗೂ ಬಂದವು. ಈ ಅಳತೆಗೋಲಿನ ಗುಣವೇನೆಂದರೆ ಎಲ್ಲರೂ ಚೆನ್ನಾಗಿ ದುಡಿದರೂ ಯಾರಾದರೂ ಕೆಳಗಿರಲೇಬೇಕು. ಕೆಳಗೆ ಬಿದ್ದವನಿಗೆ ಮಾತ್ರ ಅದು ತನ್ನದೇ ಕೊರತೆ ಎನಿಸುತ್ತದೆ. ಉದ್ಯಮದ ಕೆಟ್ಟ ವರ್ಷ ಒಬ್ಬ ಮನುಷ್ಯನ ಕೆಟ್ಟ ಅಂಕವಾಗಿ ಬದಲಾಗುವುದು ಹೀಗೆ. ಮನೆ ಸಾಲದ ಕಂತು ಬಾಕಿಯಿದ್ದವನು ದಿನವೂ ಹೊತ್ತಿಗೆ ಸರಿಯಾಗಿ ಬ್ಯಾಗ್ ಹೆಗಲಿಗೇರಿಸಿ ಹೊರಟು ಸಂಜೆಯವರೆಗೆ ಎಲ್ಲೋ ಕೂತು ಬರುವ ಕಥೆಗಳನ್ನು ಈ ಊರಿನಲ್ಲಿ ಕೇಳದವರು ಯಾರು? ಮುಷ್ಕರದ ದಿನಗಳಲ್ಲಿ ಕ್ವಾರ್ಟರ್ಸಿನ ಇಡೀ ಬೀದಿಗೆ ಸಂಬಳವಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೂ ತಿಳಿಯಬಾರದು.

ಕಾನೂನು ಏನು ಮಾಡುತ್ತಿತ್ತು? 1947ರ ಕೈಗಾರಿಕಾ ವಿವಾದ ಕಾಯ್ದೆ ಕಾರ್ಮಿಕನನ್ನು ವಿವರಿಸುವಾಗ ತಾಂತ್ರಿಕ ಕೆಲಸವನ್ನೂ ಸೇರಿಸಿಯೇ ಬರೆದಿತ್ತು. ಹೊರಗಿಟ್ಟದ್ದು ಮುಖ್ಯವಾಗಿ ಆಡಳಿತ ನಡೆಸುವವರನ್ನು. ಹಾಗಿದ್ದೂ ಕೋಡ್ ಬರೆಯುವವರಲ್ಲಿ ಬಹಳ ಮಂದಿ ಆ ಕಾಯ್ದೆ ತಮ್ಮದಲ್ಲವೆಂದೇ ನಂಬಿದ್ದರು. ಇನ್ನು ಗೇಟಿನ ಫಲಕ. ಮಾಹಿತಿ ತಂತ್ರಜ್ಞಾನ ಉದ್ಯಮಕ್ಕೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ ಐದು ವರ್ಷ. 2024ರಲ್ಲಿ ಮತ್ತೊಮ್ಮೆ. ಷರತ್ತುಗಳಿಲ್ಲದೆ ಇಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಈ ಕೊನೆಯ ಷರತ್ತನ್ನು ಮತ್ತೊಮ್ಮೆ ಓದಿ. ವಜಾ ಮಾಡಿದರೆ ತಿಳಿಸಬೇಕು. ರಾಜೀನಾಮೆಯ ವಿಷಯದಲ್ಲಿ ತಿಳಿಸುವುದಕ್ಕೆ ಏನಿದೆ? ಮರುದಿನ ಹತ್ತು ಗಂಟೆಯೊಳಗೆ ರಾಜೀನಾಮೆಯೇ ಬೇಕು ಎಂದು ಒತ್ತಾಯಿಸುವುದರ ಹಿಂದಿನ ಅನುಕೂಲ ಇಲ್ಲಿ ಕಾಣುತ್ತದೆ. ಕಾಯಿದೆ ಪ್ರಕಾರ ಹಿಂಬಡಿಕೆ ಮಾಡಿದರೆ ಒಂದು ತಿಂಗಳ ನೋಟೀಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ಸರ್ಕಾರಕ್ಕೆ ಮಾಹಿತಿ. ತಾನಾಗಿಯೇ ಬಿಟ್ಟವನಿಗೆ ಇದಾವುದೂ ಬೇಕಿಲ್ಲ.

ದಾಖಲೆಯೇ ಇಲ್ಲವೆಂದಲ್ಲ. 2006ರಲ್ಲಿ ನಾಸ್ಕಾಂ ಸಂಸ್ಥೆ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಎಂಬ ದತ್ತಕೋಶ ಆರಂಭಿಸಿತು. ಅದರಲ್ಲಿ ಉದ್ಯೋಗಿಯ ಓದು, ಹಿಂದಿನ ಕೆಲಸಗಳ ವಿವರದ ಜೊತೆ ಬೆರಳಚ್ಚೂ ಸೇರಿತು. ನೌಕರನನ್ನು ನೇಮಿಸುವ ಮೊದಲು ಅವನ ಪೂರ್ವಾಪರ ತಿಳಿಯಲು ಕಂಪನಿಗೆ ವ್ಯವಸ್ಥೆಯಿದೆ. ಕಂಪನಿ ಸೇರುವ ಮೊದಲು ಅಲ್ಲಿಂದ ಎಷ್ಟು ಜನರನ್ನು ಹೀಗೆ ಕಳಿಸಿದ್ದಾರೆಂದು ತಿಳಿಯಲು ನೌಕರನಿಗೆ ಅಂಥದ್ದಿಲ್ಲ. ಜಗಳವಾಡಿದರೆ ಮುಂದಿನ ಕೆಲಸಕ್ಕೆ ಬೇಕಾದ ರಿಲೀವಿಂಗ್ ಲೆಟರ್ ಸಿಗದೇ ಹೋದೀತು ಎಂಬ ಅಳುಕು ಬಹಳ ಜನರ ಕೈಯಲ್ಲಿ ಸಹಿ ಹಾಕಿಸಿದೆ.

ಕನ್ನಡ ಸಾಹಿತ್ಯದ ವಿಷಯದಲ್ಲಿ ನಾನು ಸ್ವಲ್ಪ ಆಶಾವಾದಿ. ವಸುಧೇಂದ್ರ, ಎಂ.ಆರ್. ದತ್ತಾತ್ರಿ ಈ ಉದ್ಯಮದ ಒಳಗಿದ್ದು ಬರೆದವರು. ಕಾರ್ಮಿಕ ಇಲಾಖೆಯ ಕಡತದಲ್ಲಿ ಇಲ್ಲದ ಎಷ್ಟೋ ಕಳವಳಗಳನ್ನು ನಾಳೆಯ ಇತಿಹಾಸಕಾರರು ಕಥೆ ಕಾದಂಬರಿಗಳಲ್ಲೇ ಹುಡುಕಬೇಕಾದೀತು. ಆದರೆ ಕಾದಂಬರಿ ಇದ್ದ ಮಾತ್ರಕ್ಕೆ ಕಡತ ಬೇಡವೆನ್ನಲಾಗದು. ಪರಿಹಾರ ಕೇಳಲು ಕೋರ್ಟಿಗೆ ಕಾದಂಬರಿ ಒಯ್ಯಲಾಗುವುದಿಲ್ಲ.

ಆ ಧ್ವನಿಮುದ್ರಿಕೆ ಹೊರಬಂದ ವರ್ಷವೇ ಕರ್ನಾಟಕ ರಾಜ್ಯ ಐ.ಟಿ./ಐ.ಟಿ.ಇ.ಎಸ್. ನೌಕರರ ಸಂಘ, ಅಂದರೆ ಕೆಐಟಿಯು, ನೋಂದಣಿಯಾಯಿತು. ಪಕ್ಕದ ತಮಿಳುನಾಡು ಸರ್ಕಾರ ಐ.ಟಿ. ನೌಕರರೂ ಸಂಘ ಕಟ್ಟಬಹುದೆಂದು ಹಿಂದಿನ ವರ್ಷ ಸ್ಪಷ್ಟಪಡಿಸಿತ್ತು. ಲಕ್ಷಾಂತರ ಜನ ದುಡಿಯುವ ಉದ್ಯಮದಲ್ಲಿ ಇದು ಚಿಕ್ಕ ಸಂಘ. 2024ರಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಚಾಚಲು ಅವಕಾಶ ಕೊಡುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ಅದನ್ನು ಮೊದಲು ಬೀದಿಯಲ್ಲಿ ವಿರೋಧಿಸಿದವರಲ್ಲಿ ಅವರಿದ್ದರು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಹೊಸಬರು ಹೊರಬಂದರು. 2022ರಲ್ಲಿ ಆಯ್ಕೆಯಾಗಿ ಎರಡು ವರ್ಷ ಕಾದು ಸೇರಿದವರು ಅವರಲ್ಲಿ ಬಹಳ. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ತೇರ್ಗಡೆಯಾಗಲಿಲ್ಲ ಎಂದು ಕಂಪನಿ ಹೇಳಿತು. ವಿಷಯ ಕಾರ್ಮಿಕ ಇಲಾಖೆಗೆ ಹೋಯಿತು. ಅಲ್ಲಿ ಚರ್ಚೆಗೆ ಬಂದ ಮೊದಲ ಪ್ರಶ್ನೆಯೇ ಇವರನ್ನು ನೌಕರರು ಎನ್ನಬೇಕೋ ತರಬೇತಿಯವರು ಎನ್ನಬೇಕೋ ಎಂಬುದು.

ಮರು ತಿಂಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಐ.ಟಿ. ನೌಕರರು ಭಾನುವಾರ ಸೇರಿ ಪ್ರತಿಭಟಿಸಿದರು. ಕೆಲಸದ ವೇಳೆ ಮುಗಿದ ಮೇಲೆ ಕರೆ, ಸಂದೇಶಗಳಿಗೆ ಉತ್ತರಿಸದೆ ಇರುವ ಹಕ್ಕು ಬೇಕೆಂದು ಕೇಳಿದರು. ಇಂಥ ಸಭೆಗಳ ಕರಪತ್ರ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಎಸೆಯಬೇಡಿ. ರಾಜೀನಾಮೆ ಕೊಡಿ ಎಂದು ಬಂದ ಇ-ಮೇಲುಗಳನ್ನೂ ಅಷ್ಟೇ, ಆಫೀಸಿನ ಲ್ಯಾಪ್‌ಟಾಪ್ ಹಿಂತಿರುಗಿಸುವ ಮೊದಲು.